ಮಗ್ಗುಲು ಬದಲಿಸುವ ಕೈಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆಯ ವಿದ್ಯಾರ್ಥಿಗಳು ತಂತಮ್ಮ ವೃತ್ತಿಯಲ್ಲಿ ಕಂಡ ಒಂದು ವಿಷಯದ ಬಗ್ಗೆ ಮಾತನಾಡಬೇಕು ಎಂದು ಸಂಘಟಕರು ಹೇಳಿದರು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವುದರಿಂದ ಕೃತಕ ಬುದ್ಧಿಮತ್ತೆಯ ಬಗ್ಗೆಯೋ, ಮೊಬೈಲ್ ಬಗ್ಗೆಯೋ ಮಾತನಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವ ವಿಷಯ ಹಾಸಿಗೆ ಹುಣ್ಣು. ಹಾಸಿಗೆ ಹಿಡಿದ ರೋಗಿಗಳ ಸೊಂಟಕ್ಕೆ, ಬೆನ್ನಿಗೆ, ಹಿಮ್ಮಡಿಗೆ ಆಗುವ ಹುಣ್ಣು. ಬೆಡ್ ಸೋರ್ ಎಂದು ಆಸ್ಪತ್ರೆಗಳಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಆ ಹುಣ್ಣು ಬಾಯಿ ಬಿಡುವ ಮೊದಲೇ ಅದರ ಸುಳಿವು ಹಿಡಿದು ತಡೆಯುವ ನರ್ಸ್‌ಗಳ ಕೆಲಸದ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆದರೆ ಕೆಲವು ವರ್ಷಗಳಿಂದ ಆಸ್ಪತ್ರೆಗಳ ನರ್ಸಿಂಗ್ ದಾಖಲೆಯ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೇನೆ. ಆ ಕೆಲಸಕ್ಕಾಗಿ ವಾರ್ಡುಗಳಲ್ಲಿ ಸಿಸ್ಟರ್‌ಗಳ ಪಕ್ಕದಲ್ಲಿ ನಿಂತು, ಅವರು ಏನು ನೋಡುತ್ತಾರೆ, ಏನು ಬರೆಯುತ್ತಾರೆ ಎಂದು ದಿನಗಟ್ಟಲೆ ಗಮನಿಸಿದ್ದೇನೆ. ನಮ್ಮ ಮನೆಯಲ್ಲೂ ಈ ಹುಣ್ಣಿನೊಂದಿಗೆ ಐದು ತಿಂಗಳು ಕಳೆದಿದ್ದೇವೆ. ಊರಿನ ಶಾಲೆಯ ಹಬ್ಬದಲ್ಲಿ ಇಂಥ ವಿಷಯ ಯಾಕೆ ಎಂದು ಕೇಳಬಹುದು. ನಮ್ಮೂರಿನ ಬೀದಿಗಳನ್ನು ನೆನಪಿಸಿಕೊಳ್ಳಿ. ಲಕ್ವ ಹೊಡೆದು ಮಲಗಿದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು, ತೆಂಗಿನ ಮರದಿಂದಲೋ ಬೈಕಿನಿಂದಲೋ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಹುಡುಗರು. ಇವರನ್ನು ನೋಡಿಕೊಳ್ಳುತ್ತಿರುವ ಹೆಂಡತಿ, ಸೊಸೆ, ಮಗಳು ಈ ಸಭೆಯಲ್ಲೂ ಇದ್ದಾರೆ.

ಮಕ್ಕಳೇ, ಈಗ ಒಂದು ಸಣ್ಣ ಪ್ರಯೋಗ ಮಾಡೋಣ. ನಿಮ್ಮ ಹೆಬ್ಬೆರಳಿನ ಉಗುರನ್ನು ಇನ್ನೊಂದು ಕೈಯ ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಉಗುರಿನ ಕೆಳಗಿನ ಬಣ್ಣ ಬಿಳಿಚಿತಲ್ಲವೇ? ಅಲ್ಲಿಗೆ ರಕ್ತ ಹೋಗುವುದು ನಿಂತಿದೆ. ಕೈ ಬಿಟ್ಟ ಕೂಡಲೇ ಕೆಂಪು ಮರಳಿ ಬರುತ್ತದೆ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಮಾಂಸಕ್ಕೂ ಹೀಗೇ ಆಗುತ್ತದೆ. ಕೈ ಬಿಡುವವರು ಮಾತ್ರ ಯಾರೂ ಇರುವುದಿಲ್ಲ. ಬಿ.ಪಿ. ನೋಡುವಾಗ 120, 80 ಎಂಬ ಅಂಕಿಗಳನ್ನು ಕೇಳಿದ್ದೀರಿ. ಅದು ಕೈಯ ದೊಡ್ಡ ರಕ್ತನಾಳದ ಒತ್ತಡ. ಚರ್ಮದ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಬಹಳ ಕಡಿಮೆ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಅಳೆದಾಗ ರಕ್ತ ಒಳಬರುವ ತುದಿಯಲ್ಲಿ ಸಿಕ್ಕಿದ್ದು ಸುಮಾರು 32. ಇದು ಎಲ್ಲರಿಗೂ ಒಂದೇ ಆದ ಗಡಿರೇಖೆಯಲ್ಲ. ಆದರೂ ಇಷ್ಟು ನವಿರಾದ ನಾಳವನ್ನು ಮುಚ್ಚಲು ನಮ್ಮ ದೇಹದ ಭಾರವೇ ಸಾಕು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ನಮಗೆ ರಾತ್ರಿ ಮಲಗಿದಾಗ ಯಾಕೆ ಹುಣ್ಣಾಗುವುದಿಲ್ಲ? ನಿದ್ದೆಯಲ್ಲೂ ನಾವು ಮಗ್ಗುಲು ಬದಲಿಸುತ್ತಿರುತ್ತೇವೆ. ಈಗ ನನ್ನ ಮಾತು ಕೇಳುತ್ತಾ ನೀವು ಕುಳಿತಲ್ಲೇ ಆ ಕಡೆ ಈ ಕಡೆ ಅಲುಗಾಡುತ್ತಿದ್ದೀರಿ. ಭಾಷಣ ಬೇಸರವಾಗಿರುವುದೂ ಕಾರಣವಿರಬಹುದು. ಆದರೆ ಚರ್ಮ ಮತ್ತು ನರಗಳು ‘ಸ್ವಲ್ಪ ಸರಿದುಕೋ’ ಎಂದು ಹೇಳುತ್ತಿರುವುದೂ ನಿಜ. ಲಕ್ವ ಹೊಡೆದವರಿಗೆ ಆ ಮಾತು ಕೇಳಿಸಿದರೂ ಸರಿಯಲು ಆಗುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಮಾತು ಕೇಳಿಸುವುದೇ ಇಲ್ಲ.

ಒತ್ತಡದ ಜೊತೆಗೆ ಇನ್ನೂ ಮೂರು ಶತ್ರುಗಳಿವೆ. ಮೊದಲನೆಯದು ಜಾರುವಿಕೆ. ರೋಗಿಯನ್ನು ಅರ್ಧ ಕೂರಿಸಿದಾಗ ದೇಹ ನಿಧಾನವಾಗಿ ಕೆಳಕ್ಕೆ ಜಾರುತ್ತದೆ. ಒಳಗಿನ ಮೂಳೆ ಜಾರುತ್ತದೆ, ಚರ್ಮ ಮಾತ್ರ ಬಟ್ಟೆಗೆ ಅಂಟಿಕೊಂಡೇ ಇರುತ್ತದೆ. ನಡುವಿನ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ಎರಡನೆಯದು ಉಜ್ಜುವಿಕೆ. ರೋಗಿಯನ್ನು ಮೇಲಕ್ಕೆ ಎಳೆಯುವಾಗ ಹಿಮ್ಮಡಿ, ಮೊಣಕೈ ಹಾಸಿಗೆಗೆ ಉಜ್ಜಿ ತರಚುತ್ತವೆ. ಮೂರನೆಯದು ತೇವ. ಬಟ್ಟೆ ಒಗೆದು ಬಂದ ಅಮ್ಮನ ಬೆರಳ ತುದಿ ನೋಡಿ. ನೆನೆದು ಸುಕ್ಕುಗಟ್ಟಿ ಮೆತ್ತಗಾಗಿರುತ್ತದೆ. ಬೆವರು, ಮೂತ್ರ, ಮಲದಲ್ಲಿ ನೆನೆಯುವ ಚರ್ಮ ಹಾಗೇ ಮೆತ್ತಗಾಗಿ ಬೇಗ ಕಿತ್ತುಬರುತ್ತದೆ.

ಈ ಹುಣ್ಣನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಒಂದು ಕಡೆ ಕೆಂಪಾಗಿರುತ್ತದೆ ಮತ್ತು ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚುವುದಿಲ್ಲ. ಎರಡನೆಯದರಲ್ಲಿ ಮೇಲ್ಪದರ ಕಿತ್ತುಹೋಗುತ್ತದೆ ಅಥವಾ ಬೊಕ್ಕೆ ಏಳುತ್ತದೆ. ಮೂರನೆಯದರಲ್ಲಿ ಚರ್ಮದ ಕೆಳಗಿನ ಕೊಬ್ಬು ಕಾಣುತ್ತದೆ. ನಾಲ್ಕನೆಯದರಲ್ಲಿ ಸ್ನಾಯು, ಕೆಲವೊಮ್ಮೆ ಮೂಳೆಯೇ ಕಾಣುತ್ತದೆ. ಇವಲ್ಲದೆ ಮೇಲೆ ಚರ್ಮ ಗಟ್ಟಿಯಾಗಿದ್ದು ಒಳಗೆ ಮಾಂಸ ಸತ್ತಿರುವ ಸ್ಥಿತಿಯೂ ಇದೆ. ಹೊರಗೆ ನೇರಳೆ ಬಣ್ಣದ ಮಚ್ಚೆ ಮಾತ್ರ ಕಾಣುತ್ತದೆ. ಚರ್ಮ ಒಡೆಯದೆಯೂ ಗಾಯವಾಗಿರಬಹುದು ಎಂಬ ಕಾರಣಕ್ಕೇ 2016ರಲ್ಲಿ ಅಮೆರಿಕದ ತಜ್ಞರ ಮಂಡಳಿ ‘ಒತ್ತಡದ ಹುಣ್ಣು’ ಎಂಬ ಹೆಸರನ್ನು ‘ಒತ್ತಡದ ಗಾಯ’ ಎಂದು ಬದಲಿಸಿತು.

ಇಲ್ಲಿ ನಮಗೆ ಬೇಕಾದ ಒಂದು ಮುಖ್ಯ ವಿಷಯವಿದೆ. ಈ ‘ಕೆಂಪು’ ಎಂಬುದು ಬಿಳಿ ಚರ್ಮದವರನ್ನು ನೋಡಿ ಬರೆದ ಲಕ್ಷಣ. ನಮ್ಮಂಥ ಎಣ್ಣೆಗೆಂಪು, ಕಪ್ಪು ಮೈಬಣ್ಣದವರಲ್ಲಿ ಅದು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಅನುಭವಿ ನರ್ಸ್ ಆಗ ಕಣ್ಣಿನ ಜೊತೆ ಕೈಯನ್ನೂ ಬಳಸುತ್ತಾರೆ. ಅಂಗೈಯ ಹಿಂಭಾಗವನ್ನು ಮೂಳೆಯ ಮೇಲಿನ ಚರ್ಮಕ್ಕೆ ತಾಗಿಸಿ, ಪಕ್ಕದ ಚರ್ಮಕ್ಕಿಂತ ಬಿಸಿಯಿದೆಯೇ ತಣ್ಣಗಿದೆಯೇ, ಗಟ್ಟಿಯಾಗಿದೆಯೇ ಮೆದುವಾಗಿ ಒಳಗೆ ನೀರು ತುಂಬಿದಂತಿದೆಯೇ ನೋಡುತ್ತಾರೆ. ಅಲ್ಲಿ ನೋವಿದೆಯೇ ಎಂದು ಕೇಳುತ್ತಾರೆ. ಬಣ್ಣ ಸುತ್ತಲಿಗಿಂತ ಕಪ್ಪಾಗಿದೆಯೇ, ನೇರಳೆಗೆ ತಿರುಗಿದೆಯೇ ಎಂದು ಒಳ್ಳೆಯ ಬೆಳಕಿನಲ್ಲಿ ಹೋಲಿಸುತ್ತಾರೆ. ಒಂದು ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಒಬ್ಬರು ಹೊಸ ಹುಡುಗಿಗೆ ಕಲಿಸುತ್ತಿದ್ದುದನ್ನು ಕೇಳಿಸಿಕೊಂಡೆ: ‘ಕಣ್ಣು ಮುಚ್ಚಿ ಮುಟ್ಟಮ್ಮ, ಆಮೇಲೆ ಕಣ್ಣು ಬಿಟ್ಟು ನೋಡು.’

ಇದು ಎಷ್ಟು ಗಂಭೀರ ಎಂಬುದಕ್ಕೆ ಒಂದೇ ಉದಾಹರಣೆ. ಸೂಪರ್‌ಮ್ಯಾನ್ ಪಾತ್ರ ಮಾಡಿದ ಹಾಲಿವುಡ್ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಅವರಿಗೆ ಹಣಕ್ಕಾಗಲಿ, ವೈದ್ಯರಿಗಾಗಲಿ ಕೊರತೆ ಇರಲಿಲ್ಲ. ಆದರೂ 2004ರಲ್ಲಿ ತೀರಿಕೊಳ್ಳುವ ಮುನ್ನ ಅವರು ಚಿಕಿತ್ಸೆ ಪಡೆಯುತ್ತಿದ್ದುದು ಸೋಂಕು ತಗುಲಿದ ಇಂಥದೇ ಹುಣ್ಣಿಗೆ.

ಈಗ ನರ್ಸ್‌ಗಳು ಮಾಡುವ ಅಂದಾಜಿನ ವಿಷಯಕ್ಕೆ ಬರುತ್ತೇನೆ. ಯಾರಿಗೆ ಹುಣ್ಣಾಗಬಹುದು ಎಂದು ಮೊದಲೇ ಅಳೆಯುವ ಪ್ರಯತ್ನವನ್ನು ಮಾಡಿದವರೂ ನರ್ಸ್‌ಗಳೇ. ಇಂಗ್ಲೆಂಡಿನ ಡೊರೀನ್ ನಾರ್ಟನ್ ಎಂಬ ನರ್ಸ್ ಮತ್ತು ಸಂಗಡಿಗರು ಆಸ್ಪತ್ರೆಯಲ್ಲಿದ್ದ ವಯಸ್ಸಾದ ರೋಗಿಗಳನ್ನು ಅಧ್ಯಯನ ಮಾಡಿ 1962ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಚರ್ಮಕ್ಕೆ ಏನು ಹಚ್ಚುತ್ತೇವೆ ಎಂಬುದಕ್ಕಿಂತ ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು ಮುಖ್ಯ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ನಂತರ 1987ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್, ಇವರೂ ನರ್ಸ್‌ಗಳೇ, ಬ್ರೇಡನ್ ಸ್ಕೇಲ್ ಎಂಬ ಅಳತೆಗೋಲನ್ನು ಪ್ರಕಟಿಸಿದರು. ಇಂದು ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿರುವುದು ಇದೇ.

ಬ್ರೇಡನ್ ಸ್ಕೇಲ್‌ನಲ್ಲಿ ಆರು ಪ್ರಶ್ನೆಗಳಿವೆ. ರೋಗಿಗೆ ನೋವು, ಒತ್ತಡ ಗೊತ್ತಾಗುತ್ತದೆಯೇ? ಚರ್ಮ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ? ಎದ್ದು ಓಡಾಡುತ್ತಾರೆಯೇ? ಹಾಸಿಗೆಯಲ್ಲಿ ತಾವೇ ಹೊರಳುತ್ತಾರೆಯೇ? ಊಟ ಸಾಕಷ್ಟು ಸೇರುತ್ತದೆಯೇ? ಮೈ ಜಾರುವುದು, ಉಜ್ಜುವುದು ಇದೆಯೇ? ಮೊದಲ ಐದಕ್ಕೆ 1ರಿಂದ 4 ಅಂಕ, ಕೊನೆಯದಕ್ಕೆ 1ರಿಂದ 3. ಒಟ್ಟು ಅತಿ ಕಡಿಮೆ 6, ಅತಿ ಹೆಚ್ಚು 23. ಶಾಲೆಯ ಪರೀಕ್ಷೆಯಂತೆ ಇಲ್ಲೂ ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸಬೇಕು. 12 ಅಥವಾ ಕಡಿಮೆಯಾದರೆ ಹೆಚ್ಚಿನ ಅಪಾಯ. 9 ಅಥವಾ ಕಡಿಮೆಯಾದರೆ ಅತಿ ಹೆಚ್ಚಿನ ಅಪಾಯ.

ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಬಲಗಡೆ ಲಕ್ವ ಹೊಡೆದಿದೆ. ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ಎಲ್ಲಿ ನೋಯುತ್ತಿದೆ ಎಂದು ಹೇಳಲು ಕಷ್ಟ: 3 ಅಂಕ. ಪಾಳಿಗೆ ಒಮ್ಮೆಯಾದರೂ ಬಟ್ಟೆ ಒದ್ದೆ: 2. ಹಾಸಿಗೆ ಬಿಟ್ಟು ಏಳುವುದಿಲ್ಲ: 1. ತಾವಾಗಿ ಸ್ವಲ್ಪ ಮಾತ್ರ ಅಲುಗಾಡುತ್ತಾರೆ: 2. ಬಡಿಸಿದ್ದರಲ್ಲಿ ಅರ್ಧ ತಿನ್ನುತ್ತಾರೆ: 2. ಮೇಲೆ ಎಳೆದಷ್ಟೂ ಕೆಳಗೆ ಜಾರುತ್ತಾರೆ: 1. ಒಟ್ಟು 11. ಹೆಚ್ಚಿನ ಅಪಾಯ. ನಮ್ಮಂಥ ಲೆಕ್ಕದವರು ಇಲ್ಲಿಗೆ ನಿಲ್ಲಿಸುತ್ತೇವೆ. ಒಳ್ಳೆಯ ನರ್ಸ್ ಇಲ್ಲಿಂದ ಶುರು ಮಾಡುತ್ತಾರೆ. 11 ಎಂಬ ಮೊತ್ತಕ್ಕಿಂತ ಅದು ಎಲ್ಲೆಲ್ಲಿಂದ ಬಂತು ಎಂಬುದು ಅವರಿಗೆ ಮುಖ್ಯ. ತೇವಕ್ಕೆ 2 ಬಂದಿದೆ, ಹಾಗಾದರೆ ಎಷ್ಟು ಹೊತ್ತಿಗೊಮ್ಮೆ ಒರೆಸಿ ಬಟ್ಟೆ ಬದಲಿಸಬೇಕು? ಜಾರುವುದಕ್ಕೆ 1, ಹಾಗಾದರೆ ಮಂಚದ ತಲೆಭಾಗವನ್ನು ಎಷ್ಟು ಇಳಿಸಬೇಕು? ಇನ್ನೊಬ್ಬ ರೋಗಿಗೂ 11 ಬರಬಹುದು. ಅವರಿಗೆ ಬೇಕಾದ ಆರೈಕೆ ಬೇರೆಯೇ ಇರಬಹುದು. ಈ ಅಂದಾಜನ್ನು ರೋಗಿ ಸೇರಿದ ದಿನವೇ ಮಾಡಬೇಕು, ಸ್ಥಿತಿ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ನಿನ್ನೆ ಜ್ವರ ಬಂದು ಊಟ ಬಿಟ್ಟವರ ಅಂಕ ಇವತ್ತು ಅದೇ ಇರುವುದಿಲ್ಲ.

ಇನ್ನು ತಡೆಯುವ ಕೆಲಸ. ಇದರ ಬೆನ್ನೆಲುಬು ಮಗ್ಗುಲು ಬದಲಿಸುವುದು. ರೂಢಿಯಲ್ಲಿರುವುದು ಎರಡು ಗಂಟೆಗೊಮ್ಮೆ. ಎಡಕ್ಕೆ, ಅಂಗಾತ, ಬಲಕ್ಕೆ. ಹಾಸಿಗೆ ಎಂಥದು, ಚರ್ಮ ಹೇಗಿದೆ ಎಂಬುದನ್ನು ನೋಡಿ ಈ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಉಬ್ಬು ಮೂಳೆಯ ಮೇಲೆ ಭಾರ ಬೀಳುತ್ತದೆ. ಅದಕ್ಕೇ ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸುತ್ತಾರೆ. ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿ ಮೂಲೆಮಟ್ಟ ಇದೆಯಲ್ಲ, ಅದರ ಸಣ್ಣ ಕೋನ ಅಷ್ಟೇ. ಎರಡು ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಹಿಮ್ಮಡಿಗೂ ಹಾಸಿಗೆಗೂ ನಡುವೆ ಒಂದು ಕಾಗದ ಸರಾಗವಾಗಿ ದಾಟಬೇಕು.

ರೋಗಿಯನ್ನು ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಕೆಳಗೆ ಅಡ್ಡಲಾಗಿ ಒಂದು ಬಟ್ಟೆ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಬೇಕು. ಮಂಚದ ತಲೆಭಾಗವನ್ನು 30 ಡಿಗ್ರಿಗಿಂತ ಹೆಚ್ಚು ಎತ್ತಿಟ್ಟರೆ ರೋಗಿ ಜಾರುತ್ತಾರೆ. ಆದರೆ ಊಟ ಮಾಡಿಸುವಾಗ ಎತ್ತಲೇಬೇಕು, ಇಲ್ಲದಿದ್ದರೆ ಅನ್ನ ನೆತ್ತಿಗೇರಿ ಶ್ವಾಸಕೋಶಕ್ಕೆ ಹೋಗುವ ಭಯ. ಚರ್ಮ ಒಂದು ಹೇಳುತ್ತದೆ, ಶ್ವಾಸಕೋಶ ಇನ್ನೊಂದು ಹೇಳುತ್ತದೆ. ಊಟಕ್ಕೆ ಎತ್ತಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಇಳಿಸಿ, ಇಬ್ಬರಿಗೂ ನ್ಯಾಯ ಒದಗಿಸುವವರು ನರ್ಸ್. ಆಮ್ಲಜನಕದ ಮಾಸ್ಕಿನ ಪಟ್ಟಿ ಕಿವಿಯ ಹಿಂದೆ ಕೊರೆಯುತ್ತಿದೆಯೇ, ಮೂಗಿನ ಟ್ಯೂಬು ಒಂದೇ ಕಡೆ ಒತ್ತುತ್ತಿದೆಯೇ, ಮೂತ್ರದ ಪೈಪು ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯೇ ಎಂದೂ ಅವರೇ ನೋಡಬೇಕು. ಕೋವಿಡ್ ಕಾಲದಲ್ಲಿ ಉಸಿರಾಟಕ್ಕಾಗಿ ರೋಗಿಗಳನ್ನು ಗಂಟೆಗಟ್ಟಲೆ ಬೋರಲು ಮಲಗಿಸಿದಾಗ ಕೆನ್ನೆ, ಗದ್ದ, ಹಣೆಯ ಮೇಲೂ ಇಂಥ ಗಾಯಗಳಾದವು.

ಮಾಡಬಾರದ ಕೆಲವನ್ನೂ ಹೇಳಬೇಕು, ಏಕೆಂದರೆ ಒಳ್ಳೆಯದೆಂದು ನಂಬಿ ಮಾಡುವವರು ಬಹಳ. ಹಿಂದೆ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಚೆನ್ನಾಗಿ ತಿಕ್ಕಿ, ಪೌಡರ್ ಹಾಕುತ್ತಿದ್ದರು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಕೆಂಪಾದ ಜಾಗವನ್ನು ತಿಕ್ಕಿದರೆ ಈಗಾಗಲೇ ಸೋತಿರುವ ನಾಳಗಳು ಇನ್ನಷ್ಟು ಹಾಳಾಗುತ್ತವೆ. ಈಗ ಅದನ್ನು ಬೇಡ ಎನ್ನುತ್ತಾರೆ. ನಡುವೆ ತೂತಿರುವ ಗಾಳಿಯ ರಿಂಗಿನ ಮೇಲೆ ಕೂರಿಸುವುದೂ ಬೇಡ. ರಿಂಗಿನ ಅಂಚು ಸುತ್ತಲಿನ ರಕ್ತವನ್ನು ತಡೆಯುತ್ತದೆ. ಕೈಗವಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವುದೂ ಬೇಡ. ಗಾಳಿ ಹಾಸಿಗೆ ಒಳ್ಳೆಯದೇ, ಆದರೆ ಅದನ್ನು ಹಾಕಿದ್ದೇವೆ ಎಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸಿದರೆ ಕೊಟ್ಟ ದುಡ್ಡು ವ್ಯರ್ಥ.

ಊಟವೂ ಔಷಧವೇ. ಚರ್ಮ ಕಟ್ಟುವುದಕ್ಕೆ ಪ್ರೋಟೀನ್ ಬೇಕು. ಕಾಯಿಲೆಯವರು ಎಂದು ಬರೀ ಗಂಜಿ, ಬ್ರೆಡ್ಡು ಕೊಟ್ಟು ತಿಂಗಳು ಕಳೆಯುವ ಮನೆಗಳಿವೆ. ತೆಳುವಾದ ರಾಗಿ ಅಂಬಲಿಗೆ ಹಾಲೋ ಮಜ್ಜಿಗೆಯೋ ಸೇರಿಸಿ, ಹೆಸರುಬೇಳೆ ಕಟ್ಟು, ಮೊಸರು, ತಿನ್ನುವವರಿಗೆ ಮೊಟ್ಟೆ, ಹೀಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಕೊಡಬೇಕು.

ಈಗ ನಮ್ಮ ಮನೆಯ ವಿಷಯ. ನಾಲ್ಕು ವರ್ಷಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಪಟ್ಟಣದ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅವರು ಜೀವ ಉಳಿಸಿದರು, ಆ ಋಣ ನಮ್ಮ ಮೇಲಿದೆ. ಒಂಬತ್ತನೆಯ ದಿನ ಮನೆಗೆ ಕರೆತಂದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತರಾದ ಪಕ್ಕದ ಬೀದಿಯ ಸಿಸ್ಟರಮ್ಮ ನೋಡಲು ಬಂದರು. ನೆಂಟರೆಲ್ಲ ‘ಬಿ.ಪಿ. ಎಷ್ಟಿದೆ, ಶುಗರ್ ಎಷ್ಟಿದೆ’ ಎಂದು ಕೇಳುತ್ತಿದ್ದರೆ ಅವರು ಕುಳಿತುಕೊಳ್ಳುವುದಕ್ಕೂ ಮೊದಲು ‘ಒಂದ್ಸಲ ಪಕ್ಕಕ್ಕೆ ತಿರುಗಿಸಿ, ಬೆನ್ನು ನೋಡ್ತೀನಿ’ ಅಂದರು. ಸೊಂಟದ ಕೆಳಗೆ, ಬಾಲದ ಮೂಳೆಯ ಮೇಲೆ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ನೇರಳೆ ಮಚ್ಚೆ ಇತ್ತು. ಚರ್ಮ ಒಡೆದಿರಲಿಲ್ಲ. ಕೈಯ ಹಿಂಭಾಗದಿಂದ ಮುಟ್ಟಿ, ‘ಇದು ಒಳಗಿಂದ ಬರ್ತಾ ಇದೆ ಕಣಪ್ಪ, ಇನ್ನೊಂದು ವಾರಕ್ಕೆ ಬಾಯಿ ಬಿಡುತ್ತೆ, ಹೆದರಬೇಡಿ, ಇವತ್ತಿಂದಲೇ ಶುರು ಮಾಡೋಣ’ ಅಂದರು. ಅವರು ಹೇಳಿದ ಹಾಗೇ ಆಯಿತು. ಡಿಸ್ಚಾರ್ಜ್ ಸಮ್ಮರಿ ಒಂಬತ್ತು ಪುಟ ಇತ್ತು. ಸ್ಕ್ಯಾನಿಂಗ್ ಇತ್ತು, ರಕ್ತದ ವರದಿ ಇತ್ತು, ಹದಿಮೂರು ಮಾತ್ರೆಗಳ ಪಟ್ಟಿ ಇತ್ತು. ಬೆನ್ನಿನ ಚರ್ಮದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು. ಡಾಕ್ಟರು ಬಂದು ಸತ್ತ ಮಾಂಸ ತೆಗೆದರು, ಸಿಸ್ಟರಮ್ಮ ಡ್ರೆಸ್ಸಿಂಗ್ ಮಾಡಿದರು. ಅಮ್ಮ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಟೆಗಳನ್ನು ಬರೆದು ಎಡ, ಅಂಗಾತ, ಬಲ ಎಂದು ಗುರುತು ಹಾಕುತ್ತಿದ್ದಳು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಾಂ. ಲಕ್ವಕ್ಕಿಂತ ಅಪ್ಪನನ್ನು ಹೆಚ್ಚು ಕುಗ್ಗಿಸಿದ್ದು ಆ ಹುಣ್ಣಿನ ನೋವು ಮತ್ತು ವಾಸನೆ. ಮೊಮ್ಮಕ್ಕಳು ಹತ್ತಿರ ಬಂದರೆ ‘ಆಚೆ ಹೋಗಿ ಆಡ್ಕೊಳ್ಳಿ’ ಎಂದು ಕಳಿಸಿಬಿಡುತ್ತಿದ್ದರು. ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ.

ಇದನ್ನು ಯಾರ ಮೇಲೂ ದೂರು ಹೇಳಲು ಹೇಳುತ್ತಿಲ್ಲ. ಆ ವಾರ್ಡಿನ ನರ್ಸ್‌ಗಳು ಒಂದು ಕ್ಷಣ ಕುಳಿತದ್ದನ್ನು ನಾನು ನೋಡಲಿಲ್ಲ. ಗಣಿತದಲ್ಲಿ ಆಸಕ್ತಿ ಇರುವ ಮಕ್ಕಳು ಈ ಲೆಕ್ಕ ಬರೆದುಕೊಳ್ಳಿ. 30 ಹಾಸಿಗೆಯ ಒಂದು ವಾರ್ಡು. ರಾತ್ರಿ ಪಾಳಿ 8ರಿಂದ ಬೆಳಿಗ್ಗೆ 8ರವರೆಗೆ, ಇಬ್ಬರು ನರ್ಸ್. 30 ಜನರಲ್ಲಿ ಆರು ಜನ ತಾವಾಗಿ ಹೊರಳಲಾರರು. ಎರಡು ಗಂಟೆಗೊಮ್ಮೆ ಎಂದರೆ ಒಬ್ಬರಿಗೆ ಆರು ಸಲ, ಆರು ಜನಕ್ಕೆ 36 ಸಲ. ತಿರುಗಿಸಿ, ಚರ್ಮ ನೋಡಿ, ಒದ್ದೆ ಒರೆಸಿ, ದಿಂಬು ಕೊಟ್ಟು, ಬರೆದಿಡಲು 10 ನಿಮಿಷ ಎಂದಿಟ್ಟುಕೊಳ್ಳಿ. 360 ನಿಮಿಷ, ಅಂದರೆ ಆರು ಗಂಟೆ. ಒಬ್ಬರಿಂದ ಆಗದ ಕೆಲಸ, ಇಬ್ಬರೂ ಬೇಕು. ಅಲ್ಲಿಗೆ ಇಬ್ಬರದೂ ಅರ್ಧ ರಾತ್ರಿ ಮುಗಿಯಿತು. ಉಳಿದ 24 ಜನರ ಇಂಜೆಕ್ಷನ್, ಡ್ರಿಪ್, ಜ್ವರ, ವಾಂತಿ, ಹೊಸದಾಗಿ ಬಂದ ರೋಗಿ, ಗಾಬರಿಯಾದ ಮನೆಯವರು ಎಲ್ಲವೂ ಉಳಿದರ್ಧದಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಕಾಲದಲ್ಲಿ ಈ ಹುಣ್ಣಿನ ಹೊಣೆಯನ್ನು ಕಾಯಿಲೆಗಿಂತ ಹೆಚ್ಚಾಗಿ ಶುಶ್ರೂಷೆಯ ಮೇಲೆ ಹಾಕಿದ್ದರು. ಶುಶ್ರೂಷೆಯಿಂದ ತಡೆಯಬಹುದು ಎಂಬ ಅರ್ಥದಲ್ಲಿ ಅದು ನಿಜ. ಆದರೆ ವಾರ್ಡಿಗೆ ಎಷ್ಟು ನರ್ಸ್ ಇರಬೇಕೆಂದು ನಿರ್ಧರಿಸುವವರು ನರ್ಸ್‌ಗಳಲ್ಲ. ಆ ಲೆಕ್ಕ ತಪ್ಪಿದರೆ ರೋಗಿಯ ಬೆನ್ನಿನ ಮೇಲೆ ಉತ್ತರ ಮೂಡುತ್ತದೆ.

ನನ್ನ ವೃತ್ತಿಯಿಂದ ನಾನು ಸೇರಿಸಬಹುದಾದ ಮಾತು ಇದು. ಕಂಪ್ಯೂಟರಿಗೆ ನಡೆದದ್ದು ಮಾತ್ರ ಕಾಣುತ್ತದೆ. ಇಂಜೆಕ್ಷನ್ ಕೊಟ್ಟರೆ ದಾಖಲೆ, ಆಪರೇಷನ್ ಆದರೆ ದಾಖಲೆ, ಎಲ್ಲಕ್ಕೂ ಬಿಲ್ಲು. ಒಬ್ಬ ನರ್ಸ್ 40 ದಿನ ರೋಗಿಯ ಚರ್ಮ ಕಾಪಾಡಿ, ಹುಣ್ಣಾಗದಂತೆ ಮನೆಗೆ ಕಳಿಸಿದರೆ ದಾಖಲೆಯಲ್ಲಿ ಏನಿರುತ್ತದೆ? ಏನೂ ಇರುವುದಿಲ್ಲ. ಆಗದ ಹುಣ್ಣಿಗೆ ಫೋಟೋ ಇಲ್ಲ, ಬಿಲ್ಲಿಲ್ಲ, ಸನ್ಮಾನವೂ ಇಲ್ಲ. ನಮ್ಮ ತಂಡ ಬ್ರೇಡನ್ ಸ್ಕೇಲಿನ ಪರದೆ ತಯಾರಿಸುವಾಗ ಕೆಲಸ ಹಗುರಾಗಲಿ ಎಂದು ಹಿಂದಿನ ಪಾಳಿಯ ಅಂಕಗಳು ತಾವಾಗಿಯೇ ತುಂಬಿಕೊಳ್ಳುವ ಪ್ರಸ್ತಾಪ ಚರ್ಚೆಗೆ ಬಂತು. ಸಭೆಯಲ್ಲಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್ ಒಪ್ಪಲಿಲ್ಲ. ‘ಬೇಡಪ್ಪ, ಖಾಲಿ ಇರಲಿ. ತುಂಬಿದ್ದರೆ ಕಂಪ್ಯೂಟರ್ ನೋಡ್ತಾರೆ, ಖಾಲಿ ಇದ್ದರೆ ಪೇಷಂಟ್ ನೋಡ್ತಾರೆ’ ಅಂದರು. ಖಾಲಿಯೇ ಉಳಿಯಿತು. ಒತ್ತಡ ಅಳೆಯುವ ಹಾಸಿಗೆಗಳು, ಎಚ್ಚರಿಸುವ ಯಂತ್ರಗಳು ಬಂದಿವೆ, ಇನ್ನೂ ಬರುತ್ತವೆ. ಅವು ಹೊತ್ತಾಯಿತು ಎಂದು ಗಂಟೆ ಬಾರಿಸುತ್ತವೆ. ಎದ್ದು ಬಂದು ಮಗ್ಗುಲು ಬದಲಿಸಲು ಮನುಷ್ಯರೇ ಬೇಕು.

ಆ ಕೈಗಳಿಂದ ಏನೇನು ಸಾಧ್ಯ ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಸಾಕ್ಷಿ ಇದೆ. ಎರಡನೆಯ ಮಹಾಯುದ್ಧದ ಹೊತ್ತಿಗೂ ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಬದುಕುವುದಿಲ್ಲ ಎಂದೇ ಲೆಕ್ಕ. ಅನೇಕರು ಸಾಯುತ್ತಿದ್ದುದು ಹಾಸಿಗೆ ಹುಣ್ಣಿನ ನಂಜು ಮತ್ತು ಮೂತ್ರದ ಸೋಂಕಿನಿಂದ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿ ವಿಭಾಗ ತೆರೆದರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಿಸಬೇಕು ಎಂಬುದು ಅಲ್ಲಿನ ನಿಯಮ. ಅದನ್ನು ನಡೆಸಿದವರು ನರ್ಸ್‌ಗಳು ಮತ್ತು ಆರ್ಡರ್ಲಿಗಳು. ರೋಗಿಗಳು ಬದುಕಿದರು, ಗಾಲಿಕುರ್ಚಿಯಲ್ಲಿ ಕುಳಿತರು, ಬಿಲ್ಲು ಹಿಡಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಜನ ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ ಭಾಗವಹಿಸಿದರು. ಅದೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. 2012ರಲ್ಲಿ ನಮ್ಮ ಹಾಸನ ಜಿಲ್ಲೆಯ ಗಿರೀಶ್ ಎತ್ತರ ಜಿಗಿತದಲ್ಲಿ ಬೆಳ್ಳಿ ತಂದರಲ್ಲ, ಆ ಕ್ರೀಡಾಕೂಟದ ಬೇರು ಇರುವುದು ಮಗ್ಗುಲು ಬದಲಿಸಿದ ಆ ರಾತ್ರಿಗಳಲ್ಲಿ.

ಕೊನೆಗೆ ಎರಡು ಮಾತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ತಾಯಂದಿರೇ, ದಿನಕ್ಕೆ ಎರಡು ಸಲ, ಬೆಳಕಿನಲ್ಲಿ, ಬಾಲದ ಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲಿನ ಹರಡು, ಮೊಣಕೈ, ಹೆಗಲ ಮೂಳೆ, ತಲೆಯ ಹಿಂಭಾಗ, ಕಿವಿ ಇಷ್ಟನ್ನು ನೋಡಿ, ಮುಟ್ಟಿ. ಬಣ್ಣ ಬದಲಾಗಿದ್ದರೆ ಆ ಕಡೆ ಮತ್ತೆ ಭಾರ ಬೀಳದಂತೆ ಮಲಗಿಸಿ, ಅದೇ ದಿನ ಆಸ್ಪತ್ರೆಯ ಸಿಸ್ಟರ್‌ಗೆ ತೋರಿಸಿ. ‘ಮಾಮೂಲಿ, ಮಲಗಿದವರಿಗೆ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ‘ಬೆನ್ನು ನೋಡಿ ಬರೆದುಕೊಡಿ’ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಮತ್ತು ಮನೆಯ ಗಂಡಸರೇ, ಎರಡು ಗಂಟೆಯ ಅಲಾರಾಂ ಒಬ್ಬರಿಗೇ ಹೊಡೆಯಬಾರದು. ಪಾಳಿ ಹಂಚಿಕೊಳ್ಳಿ.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಸಲಹೆ. ಈ ಮಹೋತ್ಸವದ ನೆನಪಿಗೆ ನಾಲ್ಕು ಗಾಳಿ ಹಾಸಿಗೆ, ಎರಡು ಗಾಲಿಕುರ್ಚಿ ಕೊಂಡು ಬೇಕಾದವರಿಗೆ ಎರವಲು ಕೊಡುವ ವ್ಯವಸ್ಥೆ ಮಾಡೋಣ. ಮೊದಲ ಗಾಳಿ ಹಾಸಿಗೆ ನನ್ನದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಈ ಶಾಲೆಯಲ್ಲಿ ಓದಿ ಜಿಎನ್‌ಎಂ, ಬಿ.ಎಸ್ಸಿ. ನರ್ಸಿಂಗ್ ಮಾಡಿ ಬೇರೆ ಬೇರೆ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಅಕ್ಕತಂಗಿಯರು, ಅಣ್ಣತಮ್ಮಂದಿರು ಇದ್ದಾರೆ. ಅವರು ಹಬ್ಬಕ್ಕೆ ಊರಿಗೆ ಬಂದಾಗ ವರ್ಷಕ್ಕೊಂದು ಮಧ್ಯಾಹ್ನ ಇದೇ ಸಭಾಂಗಣದಲ್ಲಿ ಊರಿನವರಿಗೆ ರೋಗಿಯ ಮಗ್ಗುಲು ಬದಲಿಸುವುದನ್ನು ಮಾಡಿ ತೋರಿಸಲಿ. ನಮ್ಮ ಶಾಲೆಯಿಂದ ಎಷ್ಟು ಎಂಜಿನಿಯರು, ಎಷ್ಟು ಡಾಕ್ಟರು ಬಂದರು ಎಂದು ಎಣಿಸುವಾಗ ಇವರನ್ನೂ ಎಣಿಸೋಣ. ನರ್ಸಿಂಗ್‌ಗೆ ಹೋಗಬೇಕೆಂದಿರುವ ಹತ್ತನೆಯ ತರಗತಿಯ ಮಕ್ಕಳೇ, ಬೇರೆ ಸೀಟು ಸಿಗದವರು ಹೋಗುವ ಓದು ಎಂದು ಯಾರಾದರೂ ಅಂದರೆ ಬ್ರೇಡನ್ ಸ್ಕೇಲಿನ ಆರು ಪ್ರಶ್ನೆಗಳನ್ನು ಅವರ ಮುಂದಿಡಿ.